ಮುಗಿಲಮನೆಯ ಭಯಗ್ರಾಹಿ

"ನಮ್ಮಲ್ಲೊಬ್ಬರಿಗೆ ನೆಮ್ಮದಿ ಇಲ್ಲ. ದಯವಿಟ್ಟು ಸಮಾಧಾನ ತಂದುಕೊಳ್ಳಿ. ಆಮೇಲೆ ಹೊರಡೋಣ" ಎಂದಿತು ಲಿಫ್ಟ್.

ಒಳಗಿದ್ದವರೆಲ್ಲ ಫಕ್ಕೀರವ್ವನತ್ತ ತಿರುಗಿದರು. ಆಕೆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಗೋಡೆಗೆ ಮುಖ ಮಾಡಿ, ಮೂಲೆಯಲ್ಲಿ ನಿಂತಿದ್ದಳು. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿದ್ದ ಮುಗಿಲಮನೆ ಎಂಬ ಆ ಎಪ್ಪತ್ತು ಅಂತಸ್ತಿನ ಕಟ್ಟಡದಲ್ಲಿ ಮನೆಗೆಲಸದವರು ಲಿಫ್ಟಿನಲ್ಲಿ ನಿಲ್ಲುತ್ತಿದ್ದುದೇ ಹಾಗೆ. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಹಾಗೆ ನಿಲ್ಲಬೇಡಿ ಎಂದೂ ಯಾರೂ ಹೇಳಿರಲಿಲ್ಲ.

"ಅಂಜಬ್ಯಾಡಬೇ, ಏನೂ ಆಗೂದಿಲ್ಲ" ಎಂದರು ನಿವಾಸಿಗಳ ಸಂಘದ ಅಧ್ಯಕ್ಷ ಕೋರಿಶೆಟ್ಟರು, ಮೂಗಿನ ಮೇಲಿನ ಕರವಸ್ತ್ರ ತೆಗೆಯದೆಯೇ.

"ನಾ ಅಂಜಿಲ್ರೀ ಯಪ್ಪಾ."

"ಹಂಗಾರ ಇದು ಯಾಕ ಹೊಂಡವಲ್ದು? ನೀ ಇಳಿ, ನೋಡೋಣ."

ಫಕ್ಕೀರವ್ವ ಇಳಿದಳು. ಲಿಫ್ಟ್ ಗಾಳಿಯಂತೆ ಮೇಲಕ್ಕೆ ಹೋಯಿತು. ಇನ್ನೇನು ಸಾಕ್ಷಿ ಬೇಕು? ಆಕೆ ಚಪ್ಪಲಿ ಮೆಟ್ಟಿಕೊಂಡು, ಮೊಣಕಾಲಿನ ಮೇಲೆ ಕೈ ಊರಿ, ಮೆಟ್ಟಿಲ ಕಡೆ ನಡೆದಳು. ಆಕೆ ಕೆಲಸ ಮಾಡುವ ಮನೆಗಳಿದ್ದುದು ಮೂವತ್ತರ ಮೇಲಿನ ಅಂತಸ್ತುಗಳಲ್ಲಿ. ತಡವಾಗಿ ಬರುತ್ತಾಳೆಂದು ಒಂದು ಮನೆಯವರು ಆಗಲೇ ಕೆಲಸ ಬಿಡಿಸಿದ್ದರು. ಉಳಿದವರು ಈ ತಿಂಗಳು ನೋಡಿ ಹೇಳುತ್ತೇವೆ ಎಂದಿದ್ದರು.

ಈ ಲಿಫ್ಟಿಗೆ ಹಗ್ಗವಿರಲಿಲ್ಲ. ಕಾಂತಬಲದಿಂದ ತೇಲುತ್ತ ಏರುವ ಗೂಡು ಅದು. ಹಗ್ಗವಿಲ್ಲ ಎಂದರೆ ಜನ ಹೆದರುತ್ತಾರೆ. ಅಷ್ಟು ವೇಗದಲ್ಲಿ ಹೆದರಿದವನ ಎದೆಗೆ ಅಪಾಯ. ಆದ್ದರಿಂದ ಅದನ್ನು ರೂಪಿಸಿದ ಡಾ. ವಸುಮತಿ ಹಂಪಿಹೊಳಿ ಅದರೊಳಗೆ 'ಭಯಗ್ರಾಹಿ' ಎಂಬ ಉಪಕರಣವನ್ನು ಕೂರಿಸಿದ್ದಳು. ಅದು ಒಳಗಿರುವವರ ಉಸಿರು, ಬೆವರು, ಎದೆಬಡಿತ, ಸ್ನಾಯುಗಳ ಬಿಗಿತಗಳನ್ನು ದೂರದಿಂದಲೇ ಅಳೆದು, ಎಲ್ಲರೂ ನಿರಾಳವಾಗುವವರೆಗೆ ಲಿಫ್ಟನ್ನು ತಡೆಯುತ್ತಿತ್ತು. ಹೆದರಿದವರು ಯಾರೆಂದು ಮಾತ್ರ ಹೇಳುತ್ತಿರಲಿಲ್ಲ. ಪಾಪ, ನಾಲ್ಕು ಜನರೆದುರು ಅವರಿಗೆ ನಾಚಿಕೆಯಾಗಬಾರದು ಎಂಬುದು ವಸುಮತಿಯ ಸೌಜನ್ಯ.

ಮೊದಲು ಅಲ್ಲಿ ಎರಡು ಲಿಫ್ಟುಗಳಿದ್ದವು: ಒಂದು ಮನೆಯವರಿಗೆ; ಇನ್ನೊಂದು ಸಾಮಾನಿಗೆ, ನಾಯಿಗಳಿಗೆ, ಮನೆಗೆಲಸದವರಿಗೆ. ಹೊಸದಕ್ಕೆ ಎರಡರ ಜಾಗವೂ ಬೇಕಾಯಿತು. ಈಗ ಎಲ್ಲರಿಗೂ ಒಂದೇ ಎಂದು ವಸುಮತಿ ಉದ್ಘಾಟನೆಯ ದಿನ ಚಂದದ ಭಾಷಣ ಮಾಡಿದ್ದಳು, ಕೋರಿಶೆಟ್ಟರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು. ತಿಂಗಳು ತುಂಬುವಷ್ಟರಲ್ಲಿ 'ಕೆಲಸದವರಿಗೆ ಎತ್ತರ ಅಂದರೆ ಭಯ' ಎಂಬ ದೂರು ಆಕೆಯ ಕಿವಿಗೆ ಬಿತ್ತು. ಭಯ ಬಿಡಿಸಲು ತಾನೇ ಬಂದಳು.

ಮೆಟ್ಟಿಲ ಮೇಲೆ ಫಕ್ಕೀರವ್ವನ ಪಕ್ಕ ಕೂತು ಲಿಫ್ಟಿನ ಹಳೆಯ ಕಥೆ ಹೇಳಿದಳು.

"ಲಿಫ್ಟಿಗೆ ಅಂಜದವರು ಯಾರೂ ಇಲ್ಲ ನೋಡವಾ. ಶುರುವಿಗೆ ಹಗ್ಗ ಹರದರ ಸತ್ತೇ ಹೋದಿವಿ ಅಂತ ಅದರಾಗ ಮನುಷ್ಯಾರು ಕಾಲ ಇಡತಿರಲಿಲ್ಲ. ಆಗ ನ್ಯೂಯಾರ್ಕಿನೊಳಗ ಓಟಿಸ್ ಅನ್ನಾಂವ ಒಬ್ಬ, ಜನರ ಮುಂದ ತಾನ ಹಲಗಿ ಮ್ಯಾಲ ನಿಂತು, ಮ್ಯಾಲಿನ ಹಗ್ಗಾ ಕಡಸಿದ."

"ಅಯ್ ಶಿವನ! ಬಿದ್ದನೇನ್ರಿ?"

"ಇಲ್ಲ. ಒಂದೀಟು ಇಳದು ಗಪ್ಪನ ನಿಂತಿತು. ಹಗ್ಗ ಹರದರ ಎರಡೂ ಬಾಜೂಕಿನ ಹಲ್ಲಿನ ಪಟ್ಟಿಯೊಳಗ ಸಿಕ್ಕೊಂಡು ನಿಂದರೂ ಹಂಗ ಅದಕ್ಕ ಸ್ಪ್ರಿಂಗ್ ಹಾಕಿದ್ದ. ಅದಕ್ಕೂ ಮುಂಚೆ ಆ ಕಡೆ ಊರಾಗ ಮ್ಯಾಲಿನ ಅಂತಸ್ತು ಬಡವರದು, ಆಳುಗಳದು. ಹತ್ತಾವರು ಅವರ ಅಲ್ಲ? ಲಿಫ್ಟ್ ಬಂದಮ್ಯಾಲ ಶ್ರೀಮಂತರು ಮ್ಯಾಲೆ ಹೋದರು."

"ನಾವು ಇನ್ನೂ ಹತ್ತಾಕತ್ತೇವಿ" ಎಂದು ನಕ್ಕಳು ಫಕ್ಕೀರವ್ವ. ಆಮೇಲೆ ಗಂಭೀರಳಾದಳು. "ಅಕ್ಕಾರ, ಈ ಕಟ್ಟಡ ಏಳೂ ಮುಂದ ನಾ ಇದರ ತುದೀಮಟ ಬುಟ್ಟಿ ಹೊತ್ತಾಕೀರಿ. ಆಗ ಗ್ವಾಡೀನ ಇರಲಿಲ್ಲ. ಅವಾಗ ಇಲ್ಲದ ಅಂಜಿಕಿ ಈಗ ಎಲ್ಲಿಂದ ಬಂತ್ರಿ? ನನಗ ಗೊತ್ತಿಲ್ಲದಂಗ ನಾ ಅಂಜತೇನೇನು?"

ಎಲ್ಲರೂ ಹೇಳಿ ಹೇಳಿ ಆಕೆಯೇ ಅದನ್ನು ನಂಬತೊಡಗಿದ್ದಳು.

"ನೋಡೇಬಿಡೋಣ" ಎಂದಳು ವಸುಮತಿ. ಮೊದಲು ಆಕೆಯೊಬ್ಬಳನ್ನೇ ಕಳಿಸಿದಳು. ಲಿಫ್ಟ್ ಚಕಾರವೆತ್ತದೆ ತುದಿಗೆ ಹೋಗಿ ಬಂತು. ಹಾಗಾದರೆ ಜೊತೆಗೆ ಜನರಿದ್ದರೆ ಭಯವಾಗುತ್ತದೋ ಏನೋ ಎಂದುಕೊಂಡು, ವಸುಮತಿ ತಪಾಸಣೆಯ ಪುಟ್ಟ ಪರದೆಯನ್ನು ಕೈಯಲ್ಲಿ ಹಿಡಿದು ತಾನೂ ಒಳಗೆ ಹೋದಳು. ಬಾಗಿಲು ಮುಚ್ಚಿತು.

"ನಮ್ಮಲ್ಲೊಬ್ಬರಿಗೆ ನೆಮ್ಮದಿ ಇಲ್ಲ."

ಪರದೆಯ ಮೇಲೆ ಎರಡು ಚುಕ್ಕೆಗಳಿದ್ದವು, ಒಂದು ಹಸಿರು, ಒಂದು ಕೆಂಪು. ಮೂಲೆಯಲ್ಲಿದ್ದುದು ಹಸಿರು. ಉಪಕರಣ ಕೆಟ್ಟಿರಬೇಕೆಂದು ವಸುಮತಿ ಎಡದಿಂದ ಬಲಕ್ಕೆ ಸರಿದಳು. ಕೆಂಪು ಚುಕ್ಕೆಯೂ ಸರಿಯಿತು. ಮತ್ತೆ ಎಡಕ್ಕೆ ಬಂದಳು. ಅದೂ ಬಂತು.

ಆಗ ತನ್ನನ್ನು ತಾನು ನೋಡಿಕೊಂಡಳು. ಫಕ್ಕೀರವ್ವನ ಮೈಯಿಂದ ಫಿನಾಯಿಲ್ ಮತ್ತು ಬೆವರಿನ ವಾಸನೆ ಬರುತ್ತಿತ್ತು. ವಸುಮತಿಯ ಉಸಿರು ನಿಂತಿತ್ತು. ಮೊಣಕೈ ಪಕ್ಕೆಗೆ ಒತ್ತಿಕೊಂಡಿತ್ತು. ಸೀರೆಯ ಸೆರಗು ಆಕೆಗೆ ತಾಗದಂತೆ ಮುದುಡಿ ಮುಷ್ಟಿಯಲ್ಲಿ ಕೂತಿತ್ತು. ಯಾವಾಗ ಹಿಡಿದುಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಪಕ್ಕ ಕೂತಿದ್ದಾಗ ಗಾಳಿಯಿತ್ತು, ನಡುವೆ ಒಂದು ಮಾರು ಜಾಗವಿತ್ತು. ಈ ಮುಚ್ಚಿದ ಗೂಡಿನಲ್ಲಿ ಎರಡೂ ಇರಲಿಲ್ಲ. ಅಂಜಿಕೆಗೂ ಹೇಸಿಗೆಗೂ ಮೈ ಬಿಗಿಯುವ ರೀತಿ ಒಂದೇ ಎಂದು ಆಕೆ ಎಲ್ಲಿಯೋ ಓದಿದ್ದಳು. ಅದು ತನ್ನ ಮೈಯ ಬಗ್ಗೆ ಬರೆದದ್ದು ಎಂದುಕೊಂಡಿರಲಿಲ್ಲ. ಉದ್ಘಾಟನೆಯ ಭಾಷಣ ನೆನಪಾಗಿ, ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟು ನಾಚಿಕೆಯಾಯಿತು.

"ಯಾಕ್ರೀ ಅಕ್ಕಾರ, ಹಿಂಗ ಬೆವತೀರಿ?" ಫಕ್ಕೀರವ್ವ ತಿರುಗಿ ನೋಡಿದಳು. "ಅಯ್ಯ, ಅಂಜಿಕಿ ನಿಮಗೈತೇನ್ರಿ! ಅಂಜಬ್ಯಾಡ್ರಿ. ಹಗ್ಗಾ ಕಡಸಿದಾಂವಗ ಏನಾತು ಅಂದ್ರಿ? ಒಂದೀಟು ಇಳದು ಗಪ್ಪನ ನಿಂತಿಲ್ಲೇನು?" ಎಂದು ವಸುಮತಿಯ ಕೈ ಹಿಡಿದುಕೊಂಡಳು.

ಪರದೆಯ ಕೆಂಪು ಚುಕ್ಕೆ ಪಟಪಟ ಹೊಡೆದುಕೊಂಡಿತು.

"ಹೌದವಾ, ನನಗ ಅಂಜಿಕಿ" ಎಂದಳು ವಸುಮತಿ. ಅದಕ್ಕಿಂತ ಹೊಲಸು ಸುಳ್ಳನ್ನು ಆಕೆ ಎಂದೂ ಹೇಳಿರಲಿಲ್ಲ.

ಭಯ ಯಾವುದು, ಹೇಸಿಗೆ ಯಾವುದು ಎಂದು ಯಂತ್ರಕ್ಕೆ ಕಲಿಸುವುದು ಕಷ್ಟವಿರಲಿಲ್ಲ. ಕಲಿಸಿದ್ದರೆ ಲಿಫ್ಟ್ ಹೇಸಿಗೆಯನ್ನು ಸುಮ್ಮನೆ ಹೊತ್ತುಕೊಂಡು ಹೋಗುತ್ತಿತ್ತು, ಹಳೆಯ ಲಿಫ್ಟುಗಳು ಹೊತ್ತ ಹಾಗೆಯೇ. ಕೆಲಸದವರಿಗೆ ಪ್ರವೇಶವಿಲ್ಲದ ಸಂಘದ ಸಭೆಯಲ್ಲಿ ಕೋರಿಶೆಟ್ಟರು ಕೇಳಿದ್ದೂ ಅದನ್ನೇ: "ಏನರ ಮಾಡಿ ಅದನ್ನ ಸುಮ್ಮನಿರಸ್ರಿ, ಡಾಕ್ಟರ."

"ಇಲ್ರಿ. ಇನ್ನ ಯಾರಿಂದ ಲಿಫ್ಟ್ ನಿಲ್ಲತದ, ಅವರ ತಲಿ ಮ್ಯಾಲ ಕೆಂಪು ದೀಪ ಹತ್ತತದ. ಅವರು ಇಳೀಬೇಕು. ಫಕ್ಕೀರವ್ವ ಅಂಜಿಲ್ಲ, ಆಕಿ ಚುಕ್ಕಿ ಹಸರು ಇತ್ತು. ಕೆಂಪು ನಂದು" ಎಂದಳು ವಸುಮತಿ. "ಆಕಿ ಬಾಜೂಕ ನಿಂತಾಗ ನನಗ ಹೇಸಿಗಿ ಆತು. ಅದು ಖರೆ."

ದೀಪ ಬೇಡ ಎನ್ನಲು ಎಲ್ಲರಿಗೂ ಮನಸ್ಸಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಳ್ಳುವವರು ಯಾರು? ಒಬ್ಬರೂ ಬಾಯಿ ಬಿಡಲಿಲ್ಲ, ನಿರ್ಣಯ ಪಾಸಾಯಿತು.

ಆಮೇಲೆ ಆದದ್ದನ್ನು ವಸುಮತಿಯೂ ಊಹಿಸಿರಲಿಲ್ಲ. ಮುಗಿಲಮನೆಯ ದೊಡ್ಡ ಮನುಷ್ಯರಿಗೆಲ್ಲ ಇದ್ದಕ್ಕಿದ್ದಂತೆ ಆರೋಗ್ಯದ ಕಾಳಜಿ ಹುಟ್ಟಿತು. ಬೆಳಿಗ್ಗೆ ಮೆಟ್ಟಿಲ ತುಂಬ ಅವರೇ. ಒಬ್ಬರ ಮುಖ ಒಬ್ಬರು ನೋಡದೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಲಿಫ್ಟಿನಲ್ಲಿ ಕೆಲಸದವರು ಹರಟುತ್ತ ಮೇಲೆ ಹೋಗುತ್ತಿದ್ದರು. ಫಕ್ಕೀರವ್ವನ ಕೆಲಸ ಉಳಿಯಿತು; ಬಿಡಿಸಿದ ಮನೆಯವರೂ ತಿರುಗಿ ಕರೆದರು.

ಲಿಫ್ಟಿನ ತಪಾಸಣೆಗೆ ಬಂದ ದಿನಗಳಲ್ಲಿ ವಸುಮತಿಯೂ ಮೆಟ್ಟಿಲನ್ನೇ ಹತ್ತುತ್ತಿದ್ದಳು. ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲಿ ಕೋರಿಶೆಟ್ಟರು ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರು.

"ಶುಗರ್ ಐತಲ್ರಿ, ಹತ್ತಿ ಇಳಿ ಅಂತ ಡಾಕ್ಟರ್ ಹೇಳ್ಯಾರ" ಎಂದರು.

"ನನಗ ಯಾರೂ ಹೇಳಿಲ್ರಿ" ಎಂದಳು ವಸುಮತಿ. ಅವರು ಕಿಟಕಿಯ ಕಡೆ ತಿರುಗಿದರು.

ಮೂವತ್ತಾರನೆಯ ಅಂತಸ್ತಿನಲ್ಲಿ ಲಿಫ್ಟಿನ ಬಾಗಿಲು ತೆರೆದು ಫಕ್ಕೀರವ್ವ ಹೊರಗೆ ಬಂದಳು. ಚಪ್ಪಲಿಗಳು ಕಾಲಲ್ಲೇ ಇದ್ದವು. ಗೋಡೆ ಹಿಡಿದು ನಿಂತಿದ್ದ ವಸುಮತಿಯನ್ನು ಕಂಡು ಹತ್ತಿರ ಬಂದಳು.

"ಇನ್ನೂ ಹೋಗಿಲ್ಲೇನ್ರಿ ಅಕ್ಕಾರ, ಅಂಜಿಕಿ?"

ಸಭೆಗೆ ಹೇಳಿದ್ದನ್ನು ಈಕೆಗೆ ಹೇಳಲು ವಸುಮತಿಗೆ ಇವತ್ತೂ ನಾಲಿಗೆ ಏಳಲಿಲ್ಲ.

"ಇನ್ನೂ ಇಲ್ಲವಾ."

"ಹೋಗತೈತ್ರಿ, ಎಲ್ಲಿಗೆ ಹೋದೀತು? ನಾಳಿ ನನ್ನ ಜೋಡಿ ಬರ್ರಿ. ಕೈ ಹಿಡಕೋತೇನಿ."

ವಸುಮತಿ ತಲೆ ಎತ್ತದೆ, "ಬರತೀನಿ" ಎಂದಳು.