ಟೈರಿಲ್ಲದ ಬೆಂಕಿ

ರಫ್ಕಾ ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತಳು. ಗುಡ್ಡ ಹತ್ತುವ ಆ ಕಾಲುದಾರಿ ತುಂಬಾ ಕಿರಿದು. ಹತ್ತು ವರ್ಷದ ಹುಡುಗಿ ಅಡ್ಡ ನಿಂತರೂ ಲಾರಿ ಟೈರು ಮುಂದೆ ಹೋಗುವಂತಿರಲಿಲ್ಲ.

“ಜರುಗೇ,” ಎಂದ ಅವಳ ಅಣ್ಣ ತನ್ನೂಸ್. ಟೈರು ಉರುಳಿಸಿಕೊಂಡು ಬಂದು ಅವನ ಮುಖ ಕೆಂಪಾಗಿತ್ತು. ಹಿಂದೆ ಅವನ ಗೆಳೆಯರು ಇನ್ನಷ್ಟು ಟೈರು ಹಿಡಿದು ನಿಂತಿದ್ದರು.

“ಜರುಗಲ್ಲ. ಈ ವರ್ಷ ಟೈರ್ ಸುಡಬಾರದು.”

“ಮತ್ತೇನು, ಮೇಲೆ ಒಂದು ಮೇಣದಬತ್ತಿ ಹಚ್ಚಿಟ್ಟು ಬರ್ಬೇಕಾ?”

ಹುಡುಗರು ಗೊಳ್ಳೆಂದು ನಕ್ಕರು.

ಲೆಬನಾನಿನ ಆ ಬೆಟ್ಟಸೀಮೆಯಲ್ಲಿ ಸೆಪ್ಟೆಂಬರಿನಲ್ಲಿ ಶಿಲುಬೆಯ ಹಬ್ಬ ಬರುತ್ತದೆ. ಹಬ್ಬದ ಹಿಂದಿನ ಸಂಜೆ ಪ್ರತಿ ಗುಡ್ಡದ ನೆತ್ತಿಯಲ್ಲೂ ಬೆಂಕಿ ಹಾಕುತ್ತಾರೆ. ಯೇಸುವಿನ ಶಿಲುಬೆ ನೂರಾರು ವರ್ಷದ ಮೇಲೆ ಸಿಕ್ಕಿತು ಎಂಬ ಸುದ್ದಿಯನ್ನು ಹಿಂದೆ ಹೀಗೇ ಗುಡ್ಡದಿಂದ ಗುಡ್ಡಕ್ಕೆ ದಾಟಿಸಿದರಂತೆ.

ರಫ್ಕಾಗೂ ಆ ಹಬ್ಬವೆಂದರೆ ಪ್ರಾಣ. ಆದರೆ ಹೋದ ವರ್ಷ ಟೈರಿನ ಮಸಿ ಹಾರಿ, ಮಾಳಿಗೆಯ ಮೇಲೆ ಒಣಹಾಕಿದ್ದ ಗೋಧಿಯ ಮೇಲೆಲ್ಲ ಕೂತಿತ್ತು. ಅಮ್ಮ ಅದನ್ನು ಕೋಳಿಗಳಿಗೆ ಸುರಿದರೆ ಅವೂ ಕೊಕ್ಕು ಹಾಕಲಿಲ್ಲ. ಮೊದಲ ಮಳೆಗೆ ಗುಡ್ಡದ ಕರಿಬೂದಿ ಕೆಳಗಿಳಿದು ಚಿಲುಮೆಯ ನೀರೆಲ್ಲ ಡಾಂಬರಿನ ವಾಸನೆ ಹೊಡೆಯಿತು. ಊರಿನ ಮಕ್ಕಳಿಗೆಲ್ಲ ದೀಕ್ಷಾಸ್ನಾನ ಮಾಡಿಸುವುದು ಅದೇ ಚಿಲುಮೆಯ ನೀರಿನಲ್ಲಿ.

“ನಿನ್ನ ತಲೆ ಮೇಲೆ ಫಾದರ್ ಸುರಿದದ್ದೂ ಅದೇ ನೀರು ಕಣೋ,” ಎಂದಳು ರಫ್ಕಾ.

“ಅದಕ್ಕೇ ಇವನ ತಲೆ ಹೀಗಾಗಿರೋದು,” ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ನಗು.

ತನ್ನೂಸನಿಗೆ ರೇಗಿತು. “ಸರಿ, ಹಬ್ಬಕ್ಕೆ ಇನ್ನೂ ಐದು ದಿನ ಇದೆ. ಮೇಲಿನ ಚರ್ಚಿನ ಬಾಗಿಲು ಎಷ್ಟು ಎತ್ತರ ಇದೆಯೋ ಅಷ್ಟು ಕಟ್ಟಿಗೆ ರಾಶಿ ಹಾಕು. ಆಗ ಟೈರ್ ಬಿಡ್ತೀವಿ. ಒಂದು ಗೇಣು ಕಮ್ಮಿಯಾದ್ರೂ ಟೈರೇ.”

“ಹಾಕ್ತೀನಿ,” ಎಂದಳು ರಫ್ಕಾ. ಅಂದ ಮೇಲೆ ಆ ಬಾಗಿಲು ಎಷ್ಟೆತ್ತರವೆಂದು ನೆನಪಾಯಿತು.

ಮೊದಲು ಅವಳು ಹೋದದ್ದು ಫಾದರ್ ಸಿಮಾನ್ ಹತ್ತಿರ. ಫಾದರ್ ಹಿತ್ತಲಲ್ಲಿ ಜೇನುಪೆಟ್ಟಿಗೆ ನೋಡಿಕೊಳ್ಳುತ್ತಿದ್ದರು. ಅವಳು ಪಂತದ ವಿಷಯ ಹೇಳಿದಾಗ, ಟೈರ್ ಸುಡಬೇಡಿ ಎಂದು ತಾನೂ ಎರಡು ವರ್ಷದಿಂದ ಹೇಳುತ್ತಿದ್ದೇನೆ, ‘ಪೂಜೆ ನಿಮ್ಮದು, ಬೆಂಕಿ ನಮ್ಮದು ಫಾದರ್’ ಎಂದು ಹುಡುಗರು ಓಡಿಹೋಗುತ್ತಾರೆ ಎಂದು ಅವರು ನಿಟ್ಟುಸಿರು ಬಿಟ್ಟರು.

“ನೀರು ಕೊಟ್ಟಿದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿ, ಅದೇ ನೀರು ಹೊಲಸು ಮಾಡಿದ್ರೆ ದೇವರಿಗೆ ಬೇಜಾರಾಗಲ್ವಾ ಫಾದರ್?”

ಫಾದರ್ ಜೇನುಪೆಟ್ಟಿಗೆಯ ಮುಚ್ಚಳ ಮುಚ್ಚಿದರು. “ನನಗೇ ಆಗುತ್ತೆ. ದೇವರಿಗೆ ಆಗದೇ ಇರುತ್ತಾ?” ಎಂದರು. ಆಮೇಲೆ ತಮ್ಮ ದಪ್ಪ ಕೈಗವಸು ಬಿಚ್ಚಿ ಅವಳಿಗೆ ಕೊಟ್ಟರು. “ಮುಳ್ಳು ಹುಷಾರು.”

ರಫ್ಕಾ ಸ್ಕೂಲಿಂದ ಬಂದವಳೇ ಬ್ಯಾಗು ಎಸೆದು ಗುಡ್ಡಕ್ಕೆ ಓಡುತ್ತಿದ್ದಳು. ಒಣಗಿದ ಮುಳ್ಳಿನ ಪೊದೆ ಕಿತ್ತಳು. ಗೋಣಿಚೀಲ ತುಂಬಾ ಪೈನ್ ಕಾಯಿ ಆರಿಸಿದಳು. ಮನೆಮನೆಗೆ ಹೋಗಿ, ದ್ರಾಕ್ಷಿ ಬಳ್ಳಿ ಸವರಿದಾಗ ಉಳಿದಿದ್ದ ಕಡ್ಡಿಗಳನ್ನು ಕೇಳಿದಳು. ಕೆಲವರು ಕೊಟ್ಟರು. ಕೆಲವರು ರೊಟ್ಟಿ ಸುಡೋಕೆ ನಮಗೇ ಬೇಕಮ್ಮ ಎಂದರು. ಗವಸು ಅವಳ ಕೈಗೆ ದೊಡ್ಡದು, ಮತ್ತೆ ಮತ್ತೆ ಜಾರುತ್ತಿತ್ತು. ಮುಳ್ಳು ಮೊಣಕೈಗೆಲ್ಲ ಗೀರಿತು.

ಒಂದು ಸಂಜೆ ತನ್ನೂಸನ ಗೆಳೆಯನೊಬ್ಬ ಕೊಡಲಿ ಹಿಡಿದು ಬಂದ. ಚರ್ಚಿನ ಪಕ್ಕದ ಓಕ್ ಮರದ ಒಂದು ಕೊಂಬೆ ಕಡಿದರೆ ಸಾಕು, ರಾಶಿ ಬಾಗಿಲಿನ ಎತ್ತರ ಮುಟ್ಟುತ್ತದೆ ಎಂದ. ಅವನು ನಿಜವಾಗಿ ಸಹಾಯಕ್ಕೇ ಬಂದಿದ್ದ. ರಫ್ಕಾ ಕೊಂಬೆ ನೋಡಿದಳು, ತನ್ನ ಗಿಡ್ಡ ರಾಶಿ ನೋಡಿದಳು.

“ಬೇಡ. ಹಸಿ ಮರ ಕಡಿದರೆ ನಾನೂ ನಿಮ್ಮ ಹಾಗೇ ಆದೆ,” ಎಂದಳು. ಹೇಳುವಾಗ ಅಳು ಬಂದಿತ್ತು. ನುಂಗಿಕೊಂಡು ಮತ್ತೆ ಪೊದೆ ಎಳೆಯಲು ಹೋದಳು.

ಹಬ್ಬದ ಹಿಂದಿನ ಸಂಜೆ ಊರಿನವರೆಲ್ಲ ಗುಡ್ಡ ಹತ್ತಿದರು. ಬರಿಬಂಡೆಯ ಮೇಲೆ ರಾಶಿ ನಿಂತಿತ್ತು. ಫಾದರ್ ಬಕೆಟ್ಟುಗಳಲ್ಲಿ ನೀರು ತುಂಬಿಸಿ ಇಟ್ಟಿದ್ದರು. ತನ್ನೂಸ್ ರಾಶಿಯ ಪಕ್ಕ ನಿಂತು ಅಳೆದ. ಅದು ಅವನ ಎದೆಮಟ್ಟಕ್ಕೆ ಬರುತ್ತಿತ್ತು. ಬಾಗಿಲು ಅವನ ತಲೆಗಿಂತ ಎತ್ತರ.

“ಕಮ್ಮಿಯಿದೆ,” ಎಂದ.

“ಹೌದು, ಕಮ್ಮಿಯಿದೆ,” ಎಂದಳು ರಫ್ಕಾ. ಸುಳ್ಳು ಹೇಳುವಂತಿರಲಿಲ್ಲ. ಹುಡುಗರು ಟೈರುಗಳ ಕಡೆ ಹೊರಟರು.

ಅಷ್ಟರಲ್ಲಿ ಕಾಲುದಾರಿಯಲ್ಲಿ ಕೋಲು ಊರುವ ಸದ್ದಾಯಿತು. ಅಜ್ಜಿ! ಅಮ್ಮನ ಭುಜ ಹಿಡಿದು ಒಂದೊಂದೇ ಹೆಜ್ಜೆ ಹತ್ತಿ ಬರುತ್ತಿದ್ದರು. ಅಜ್ಜಿ ಈ ಗುಡ್ಡ ಹತ್ತಿದ್ದನ್ನು ರಫ್ಕಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪ್ರತಿ ವರ್ಷವೂ ‘ಮಂಡಿ ನೋವು ಕಣ್ರೋ, ನೀವು ಹೋಗಿ ಬನ್ನಿ’ ಎಂದು ಕಳಿಸುತ್ತಿದ್ದರು.

ಅಜ್ಜಿ ಉಸಿರು ಸುಧಾರಿಸಿಕೊಂಡು ತನ್ನೂಸನ ಮುಖ ನೋಡಿದರು. “ಟೈರ್ ಹಚ್ಚೋದಾದ್ರೆ ಈಗ್ಲೇ ಹೇಳಪ್ಪ. ಹೊಗೆ ಏಳೋದರೊಳಗೆ ನಾನು ಇಳೀಬೇಕು. ನನ್ನ ದಮ್ಮು ಅದನ್ನ ತಡೆಯಲ್ಲ.”

ಬೈಗುಳವೇನೂ ಇರಲಿಲ್ಲ ಅದರಲ್ಲಿ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗಿತ್ತು.

ತನ್ನೂಸ್ ನೆಲ ನೋಡಿದ. ಗೆಳೆಯರನ್ನು ನೋಡಿದ. ಆಮೇಲೆ ಒಂದು ಟೈರು ತಂದು ಬಂಡೆಯ ಮೇಲೆ ಮಲಗಿಸಿ, ಅದರ ಮೇಲೆ ತನ್ನ ಜಾಕೆಟ್ ಹಾಸಿದ. “ಕೂತ್ಕೋ ಅಜ್ಜಿ.”

“ಅಳತೆ ಕಮ್ಮಿ ಇದೆಯಲ್ಲೋ,” ಎಂದ ಒಬ್ಬ ಗೆಳೆಯ.

“ರಾಶಿ ಸರಿಯಾಗೇ ಇದೆ. ಬಾಗಿಲೇ ಜಾಸ್ತಿ ಎತ್ತರ,” ಎಂದ ತನ್ನೂಸ್.

ಫಾದರ್ ಪ್ರಾರ್ಥನೆ ಮುಗಿಸಿ ಬೆಂಕಿ ಇಟ್ಟರು. ಮುಳ್ಳು ಚಟಚಟ ಸಿಡಿಯಿತು. ಪೈನ್ ಕಾಯಿಯ ಘಮ ಹರಡಿತು. ಹೋದ ವರ್ಷ ಎಲ್ಲರೂ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಈಗ ಹತ್ತಿರ ಹತ್ತಿರ ಬಂದು ಬೆಂಕಿಯ ಸುತ್ತ ಕೂತರು. ಬೆಂಕಿ ಬೇಗ ಇಳಿಯಿತು, ನಿಜ. ಆದರೆ ಕೆಂಡದ ಸುತ್ತ ಹಾಡುತ್ತಾ ಕೂತವರು ಯಾರೂ ಏಳಲಿಲ್ಲ.

“ಮಂಡಿ ನೋವಿಲ್ವಾ ಅಜ್ಜಿ?” ರಫ್ಕಾ ಮೆಲ್ಲಗೆ ಕೇಳಿದಳು.

“ಇದೆ ಕಣೇ. ಅದು ಯಾವಾಗಲೂ ಇರುತ್ತೆ,” ಎಂದು ಅಜ್ಜಿ ಅವಳ ಗೀರಿದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಇಷ್ಟು ವರ್ಷ ಅಜ್ಜಿಯನ್ನು ಕೆಳಗೇ ಉಳಿಸಿದ್ದು ಮಂಡಿಯಲ್ಲ, ಹೊಗೆ ಎಂದು ರಫ್ಕಾಗೆ ಹೊಳೆಯಿತು. ದೂರದ ಗುಡ್ಡಗಳಲ್ಲಿ ಒಂದೊಂದೇ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಎದುರಿನ ಗುಡ್ಡದಿಂದ ಮಾತ್ರ ದಪ್ಪನೆಯ ಕರಿಹೊಗೆ ಏಳುತ್ತಿತ್ತು. ಅದು ಅವಳ ಜೊತೆ ಸ್ಕೂಲ್ ಬಸ್ಸಿನಲ್ಲಿ ಬರುವ ಲಮ್ಯಾಳ ಊರು.

ಆ ಊರಲ್ಲೂ ಪ್ರತಿ ವರ್ಷ ಇದೇ ಸಂಜೆ ಯಾರಿಗೋ ಮಂಡಿ ನೋವು ಬರುತ್ತಿರಬೇಕು. ಸೋಮವಾರ ಲಮ್ಯಾಳನ್ನು ಕೇಳಬೇಕು ಎಂದುಕೊಂಡಳು ರಫ್ಕಾ.