ಎರಡೂ ಕಡೆಗೆ ತಿರುಗುವ ಚಕ್ರ

ತೊಟ್ಟಿಯಲ್ಲಿ ನೀರಿತ್ತು. ಚಕ್ರ ಇರಲಿಲ್ಲ.

ಊಟ ಮುಗಿಸಿ ಕೈ ತೊಳೆದು ಬಂದ ಆದಿನಾರಾಯಣ ನಿಂತಲ್ಲೇ ನಿಂತ. ಅಂಗೈಯಗಲದ ಕಂಚಿನ ಚಕ್ರ ಅದು. ಸಮುದ್ರ ಉಬ್ಬಿದಾಗ ಒಂದು ಕಡೆಗೆ, ಇಳಿದಾಗ ಇನ್ನೊಂದು ಕಡೆಗೆ ತಿರುಗಿ ಎರಡು ಸಲವೂ ವಿದ್ಯುತ್ ಕೊಡಬೇಕಾದದ್ದು. ಸಮುದ್ರವಿಲ್ಲದ ಉರಿಗಾಂನಲ್ಲಿ, ಚಿನ್ನದ ಗಣಿಯ ವರ್ಕ್‌ಶಾಪಿನ ತೊಟ್ಟಿಗೆ ನೀರು ಏರಿಸಿ ಇಳಿಸಿ ವರ್ಷಗಟ್ಟಲೆ ಅದನ್ನು ತಿದ್ದಿದ್ದ. ನಾಳೆ ಗುಜರಾತಿನ ಎಂಜಿನಿಯರುಗಳು ನೋಡಲು ಬರುವವರಿದ್ದರು. ಚಕ್ರ ತಿರುಗಿದರೆ ಅಲ್ಲಿ, ಕಡಲ ದಂಡೆಯಲ್ಲಿ ಕೆಲಸ. ಇಲ್ಲಿ ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ತೆಗೆಯುವುದು ಖಚಿತವಾಗಿತ್ತು.

ದೂರು ಕೇಳಿ ಬಂದ ಭದ್ರತಾ ಇನ್ಸ್‌ಪೆಕ್ಟರ್ ಶ್ರೀನಿವಾಸಪ್ಪ ಎರಕದ ಕೆಲಸದ ಮುನಿಶಾಮಿಯನ್ನು ಗೋಡೆಗೊರಗಿಸಿ ಕೂರಿಸಿದ್ದರು.

"ಕಂಚಿನ ಬೆಲೆ ನಿಂಗೆ ಗೊತ್ತಲ್ವ?"

"ಎರಕ ಉಯ್ದೋನೇ ನಾನು ಸಾರ್. ಕದ್ದು ಏನ್ಮಾಡ್ಲಿ, ಉಪ್ಪು ಆಕ್ಕೊಂಡು ತಿನ್ಲಾ?"

ಇನ್ಸ್‌ಪೆಕ್ಟರ್ ಕಾವಲಿನ ಸೀನಪ್ಪನತ್ತ ತಿರುಗಿದರು. "ಗೇಟ್ ದಾಟಿದ್ದು ಯಾರು?"

"ಊಟ ತಂದ ಎಂಗಸ್ರು, ಅಷ್ಟೇ. ಗಣಿ ಚಿನ್ನ ಆಚೆಗೋದೀತು ಅಂತ ಎಲ್ಲಾರನ್ನೂ ತಡಕಿಸ್ತೀವಿ. ಕ್ಯಾರಿಯರೂ ಬಿಚ್ಚಿಸ್ತೀನಿ. ಎಲ್ಲಾ ಖಾಲಿ. ಆದಿನಾರಾಯಣನ ಅಮ್ಮ ಕದಿರಮ್ಮನ ಕ್ಯಾರಿಯರ್ನಾಗೆ ಮಾತ್ರ ಒಂದು ಮುದ್ದೆ ಅಂಗೇ ಇತ್ತು."

"ಊಟ ಮಾಡ್ಲಿಲ್ವೇನಯ್ಯ ಆದಿನಾರಾಯಣ?"

"ಇಲ್ಲೇ ಮಾಡ್ದೆ ಸಾರ್. ಅಮ್ಮ ಇಟ್ಟಿದ್ದು ಒಂದೇ ಮುದ್ದೆ. ಪೂರ್ತಿ ತಿಂದು ಕೈ ತೊಳೆಯೋಕೆ ನಲ್ಲಿಗೆ ಹೋದೆ."

"ಬರೋ ಹೊತ್ತಿಗೆ?"

"ಅಮ್ಮ ಹೊರಟೋಗಿದ್ಲು."

"ಸೀನಪ್ಪ, ಆ ಮುದ್ದೆ ಮುರಿದು ನೋಡಿದ್ಯಾ?"

"ಇನ್ನೊಬ್ರ ಎಂಜಲಿಗೆ ಕೈ ಆಕೋದುಂಟಾ ಸಾರ್?"

ಇನ್ಸ್‌ಪೆಕ್ಟರ್ ಗೋಡೆಯತ್ತ ತಿರುಗಿದರು.

"ಮುನಿಶಾಮಿ, ಎದ್ದೇಳು. ನಮ್ಮ ಗೇಟಿನಲ್ಲಿ ಸೀರೆ ಅಂಚನ್ನೂ ಬಿಡಲ್ಲ, ಎಂಜಲು ಮಾತ್ರ ಮುಟ್ಟಲ್ಲ. ದಿನಾ ಊಟ ತರೋರಿಗೆ ಅದು ಗೊತ್ತು. ಆದಿನಾರಾಯಣ ತಿಂದದ್ದಲ್ಲದೆ ಇನ್ನೊಂದು ಮುದ್ದೆ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಬಂದಿತ್ತು. ಹೋಗುವಾಗ ಅದರೊಳಗೆ ಚಕ್ರ ಇತ್ತು. ತಗೊಂಡಿದ್ದು ನಿಮ್ಮಮ್ಮ, ಆದಿನಾರಾಯಣ."

ಇಬ್ಬರೂ ಹೋಗಿ ಕೇಳಿದಾಗ, ಗಣಿ ಕಾರ್ಮಿಕರ ಲೈನ್ ಮನೆಯ ಬಾಗಿಲಲ್ಲಿ ಕೂತಿದ್ದ ಕದಿರಮ್ಮ ಇಲ್ಲವೆನ್ನಲಿಲ್ಲ.

"ಚಕ್ರ ಎಲ್ಲೈತೆ, ಅಮ್ಮ?" ಎಂದ ಆದಿನಾರಾಯಣ.

"ನೀರು ತುಂಬಿರೋ ಆ ಅಳೇ ಗಣಿ ಶಾಫ್ಟ್‌ಗೆ ಆಕ್ಬಿಟ್ಟೆ ಕಣಪ್ಪ. ನಿಮ್ಮಪ್ಪನ್ನ ನೀರು ಎಳ್ಕೊಂಡಿದ್ದು ಅದ್ರಾಗೇ ಅಲ್ವ. ಇನ್ನ ನಿನ್ನ ಸಮುದ್ರಕ್ಕೆ ಕಳಿಸ್ತೀನಾ? ಇಲ್ಲೇ ಇರು. ಇಲ್ಲಿ ಕೆಲ್ಸ ಐತಲ್ಲ."

"ತಿಂಗಳ ಕೊನೆವರೆಗೆ ಮಾತ್ರ ಐತೆ, ಅಮ್ಮ."

"ಆಮೇಕೆ?"

ಅವನು ಹೊಸ್ತಿಲ ಮೇಲೆ ಅವಳ ಪಕ್ಕದಲ್ಲಿ ಕೂತ. ಇನ್ಸ್‌ಪೆಕ್ಟರ್ ಬೀದಿಗೆ ಹೋಗಿ ನಿಂತರು.

"ಆಮೇಕೇನ್ಲಾ?" ಎಂದಳು ಕದಿರಮ್ಮ. "ಬಾಯ್ಬಿಟ್ಟು ಏಳು."