ಲಿಫ್ಟಿನ ಹಾಳೆ ಮತ್ತು ಕೆಂಪು ಬಾಲ

ಗುರುವಾರ ಬೆಳಿಗ್ಗೆ 104ನೇ ಕಟ್ಟಡದ ಲಿಫ್ಟಿನಲ್ಲಿ ಆ ಹಾಳೆ ನನ್ನ ಕಣ್ಣಿಗೆ ಬಿತ್ತು. ಇಂಚೋನ್‌ನ ಈ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ಕಾವಲುಗಾರನಾಗಿದ್ದೇನೆ; ಇಲ್ಲಿನವರೆಲ್ಲ ನನ್ನನ್ನು ತಾಕ್ ಎನ್ನುತ್ತಾರೆ. ಇವರ ಕಸ ವಿಂಗಡಿಸಿ ವಿಂಗಡಿಸಿ ಇವರ ಮೇಲಿದ್ದ ಗೌರವವೂ ಕಸದ ಜೊತೆಗೇ ಹೋಗಿತ್ತು. ಆದರೂ ಅಂಥ ಹೊಲಸನ್ನು ಕಂಡಿರಲಿಲ್ಲ.

ಹಾಳೆಯ ಮೇಲೆ ವಯಸ್ಕರ ಕಾಮಿಕ್ಸ್ ಜಾಲತಾಣದ ಒಂದು ಪುಟ ಅಚ್ಚಾಗಿತ್ತು. ‘ಒಣಹಣ್ಣು’ ಎಂಬ ಓದುಗನ ಪ್ರತಿಕ್ರಿಯೆ: "ಈ ವಾರ ಕತೆ ಬಿಸಿಬಿಸಿ, ಮುಂದಿನ ಕಂತು ಬೇಗ ಬರಲಿ." ಪಕ್ಕದ ಪುಟ್ಟ ಚಿತ್ರದಲ್ಲಿ ಕಪ್ಪು ಬೆಲ್ಟಿಗೆ ಸಾಲಾಗಿ ಕಟ್ಟಿ ಒಣಗಲು ಬಿಟ್ಟ ಪರ್ಸಿಮನ್ ಹಣ್ಣುಗಳು. ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ, "ನಿಮ್ಮ ಮಕ್ಕಳಿಗೆ ಟೇಕ್ವಾಂಡೋ ಕಲಿಸುವ ನಾಮ್‌ಗುಂಗ್ ಮಾಸ್ತರ್ ಇವನೇ."

ಹಾಳೆ ಕಿತ್ತು ನೇರ ಬೊಂಗ್ ಹ್ವಾಜಾ ಅಕ್ಕನ ಲಾಂಡ್ರಿಗೆ ಹೋದೆ. ಅರವತ್ತಾರರ ಈ ಹೆಂಗಸು ಮೂವತ್ತು ವರ್ಷ ಇವರ ಜೇಬುಗಳನ್ನು ತಡಕಿದವಳು. ಇಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮುಂಚೆ ಅವಳಿಗೆ ಸುದ್ದಿ. ನಾನು ಹೋಗುವಷ್ಟರಲ್ಲಿ ಮಾಸ್ತರ್ ಅಲ್ಲೇ ಕೂತಿದ್ದ. ಹಾಳೆಯ ಫೋಟೋ ಆಗಲೇ ಎಲ್ಲರ ಫೋನಿಗೂ ಹೋಗಿತ್ತು.

"ಶನಿವಾರ ಸಭೆಯಂತೆ ಅಕ್ಕ. ನೆಲಮಾಳಿಗೇಲಿ ನಾನು ಕ್ಲಾಸ್ ನಡೆಸೋ ಹಾಲನ್ನ ಖಾಲಿ ಮಾಡಿಸ್ತಾರಂತೆ. ಅದು ಹೋದ್ರೆ ನಂಗೆ ಬೇರೆ ದಾರಿಯಿಲ್ಲ."

"ಬರೆದಿದ್ದು ನೀನೇನಾ?"

"ನಾನೇ. ಆದ್ರೆ ಹೆಸರು ಹಾಕಿಲ್ಲ. ಹೊಸ ಖಾತೆ ಮಾಡೋ ರಗಳೆ ಬೇಡ ಅಂತ ಮೆಸೆಂಜರ್ ಖಾತೆಯಿಂದಲೇ ಲಾಗಿನ್ ಆಗೋ ಗುಂಡಿ ಒತ್ತಿ ಒಳಗೆ ಹೋದೆ. ಅದು ನನ್ನ ಚಿತ್ರಾನೂ ಅಡ್ಡಹೆಸರನ್ನೂ ಎಳ್ಕೊಂಡು ಹೋಗಿದ್ದು ಗೊತ್ತೇ ಆಗಲಿಲ್ಲ."

"ಈ ಚಿತ್ರ ನಿನ್ನದು ಅಂತ ಇಲ್ಲಿ ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ನನ್ನ ಮೆಸೆಂಜರಿಗೆ ಎರಡು ಮುಖ. ಮಕ್ಕಳ ಅಪ್ಪ ಅಮ್ಮಂದಿರನ್ನ ಒಂದು ಪಟ್ಟೀಲಿ ಹಾಕಿದೀನಿ, ಅವರಿಗೆ ಬಿಳಿ ಸಮವಸ್ತ್ರದ ಫೋಟೋ ಕಾಣುತ್ತೆ. ಹಣ್ಣಿನದು ಊರಿನ ಗೆಳೆಯರಿಗೆ ಮಾತ್ರ."

ಹಾಳೆಯ ತಳದಲ್ಲಿ ಅಡ್ಡಾದಿಡ್ಡಿಯಾಗಿ ಕತ್ತರಿಸಿದ ಅಂಚಿನ ಮೇಲೆ ಏನೋ ಕೆಂಪಗೆ, ಕವಲೊಡೆದು ಉಳಿದಿತ್ತು. ಅಕ್ಕ ಅದನ್ನೇ ಕನ್ನಡಕ ಏರಿಸಿ ನೋಡುತ್ತಿದ್ದಳು.

ಮಾಸ್ತರನ ಮೇಲೆ ಹರಿಹಾಯುತ್ತಿದ್ದವರು ಮೂವರು. ಮಗಳನ್ನು ಕಲಿಯಲು ಕಳಿಸುತ್ತಿದ್ದ ದಾವೊನ್‌ಳ ಅಮ್ಮ. ಮಗನನ್ನು ಅಲ್ಲಿಗೇ ಕಳಿಸುತ್ತಾ ಹಾಲಿನ ಮೇಲೆ ಟ್ಯೂಷನ್ನಿಗೆಂದು ಕಣ್ಣಿಟ್ಟಿದ್ದ ಮ್ಯೊಂಗ್ ಟೀಚರ್. ಮತ್ತೆ ಕಳೆದ ತಿಂಗಳಷ್ಟೇ ಸಂಘದ ಅಧ್ಯಕ್ಷನಾಗಿ ಹಾಲಿನ ಕರಾರಿಗೆ ಸಹಿ ಹಾಕಿದ್ದ ಪ್ಯೊ ಗಿಲ್ಯೊಂಗ್. ಈತನಿಗೆ ಮಕ್ಕಳಿಲ್ಲ. ತಾನು ಹಿಡಿದ ಮೀನಿನ ಬಗ್ಗೆ ವರ್ಷವಿಡೀ ಕೊಚ್ಚಿಕೊಳ್ಳುವ ಆಸಾಮಿ.

ಶನಿವಾರ ಸಭೆಯ ಕೋಣೆ ಕಿಕ್ಕಿರಿದಿತ್ತು. ಮಾಸ್ತರನ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಖಾಲಿ.

"ಇಂಥವನ ಕೈಗೆ ಮಗಳನ್ನ ಕೊಟ್ಟಿದ್ನಲ್ಲ, ನನಗೇ ಹೇಸಿಗೆ ಆಗ್ತಿದೆ" ಎಂದಳು ದಾವೊನ್‌ಳ ಅಮ್ಮ.

"ಮತಕ್ಕೆ ಕೈ ಎತ್ತೋಕೆ ಮುಂಚೆ ಒಂದು ಕೆಲಸ," ಎಂದಳು ಅಕ್ಕ. "ಮೂರೂ ಜನ ಫೋನಲ್ಲಿ ಮಾಸ್ತರ ಹೆಸರು ತೆಗೆದು ಮೇಜಿನ ಮೇಲಿಡಿ."

"ಬಟ್ಟೆ ಒಗೆಯೋಳು ಸಭೆ ನಡೆಸೋ ಕಾಲ ಬಂತು," ಎನ್ನುತ್ತಾ ಪ್ಯೊ ಎಲ್ಲರಿಗಿಂತ ಮೊದಲು ಫೋನ್ ಇಟ್ಟ.

ಎರಡು ಫೋನುಗಳಲ್ಲಿ ಬಿಳಿ ಸಮವಸ್ತ್ರ. ಪ್ಯೊನ ಫೋನಿನಲ್ಲಿ ಕಪ್ಪು ಬೆಲ್ಟು, ಪರ್ಸಿಮನ್ ಹಣ್ಣು. ಮಾಸ್ತರ್ ತಲೆ ಚಚ್ಚಿಕೊಂಡ.

"ಕರಾರಿನ ದಿನ ಇವರ ನಂಬರ್ ತಗೊಂಡೆ, ಪಟ್ಟಿಗೆ ಹಾಕೋದು ಮರೆತೆ," ಎಂದ.

"ಎಲ್ಲರಿಗೂ ಒಂದೇ ಚಿತ್ರ ಕಾಣುತ್ತೆ ಅಂದ್ಕೊಂಡಿದ್ರಿ ಅಧ್ಯಕ್ಷರೇ," ಎಂದಳು ಅಕ್ಕ. "ಕಟ್ಟಡದಲ್ಲಿ ನೂರು ಜನರ ಮೇಲೆ ಅನುಮಾನ ಬರುತ್ತೆ, ನಾನು ಬಚಾವ್ ಅಂತ."

"ಲಿಫ್ಟಲ್ಲಿ ಹಾಳೆ ನೋಡಿದ್ಮೇಲೆ ನಂಗೂ ಗುರುತು ಸಿಕ್ತು. ಅಂಟಿಸಿದ್ದು ನಾನೇ ಅನ್ನೋಕೆ ಏನಿದೆ?"

"ಇದೆ. ಆ ತಾಣದಲ್ಲಿ ವಯಸ್ಸು ತೋರಿಸಿ ಒಳಗೆ ಹೋಗದೆ ಯಾರ ಪ್ರತಿಕ್ರಿಯೆಯೂ ಕಾಣಲ್ಲ. ನಿನ್ನೆ ನಾನೇ ಹೋಗಿ ನೋಡ್ದೆ, ಈ ವಯಸ್ಸಲ್ಲಿ ಯಾರನ್ನ ಕೇಳ್ಬೇಕು? ಮಾಸ್ತರ ಹಾಗೇ ಅದೇ ಗುಂಡಿ ಒತ್ತಿದೆ. ಪ್ರತಿಕ್ರಿಯೆಗಳ ಕೆಳಗೆ ನಾವು ಬರೆಯೋಕೆ ಖಾಲಿ ಜಾಗ ಇರುತ್ತೆ. ಅದರ ಪಕ್ಕ ನೋಡ್ತಾ ಇರೋರ ಚಿತ್ರ ತಾನೇ ಬಂದು ಕೂತಿರುತ್ತೆ. ನಂಗೆ ನನ್ನ ಇಸ್ತ್ರಿಪೆಟ್ಟಿಗೆ ಕಾಣಿಸ್ತು."

ಅವಳು ಹಾಳೆಯ ತಳದ ಕೆಂಪು ಕವಲಿನ ಮೇಲೆ ಬೆರಳಿಟ್ಟಳು. "ಈ ಹಾಳೆ ಮಾಡಿದೋರು ತಮ್ಮ ಚಿತ್ರ ಕತ್ತರಿಸಿ ತೆಗೆದ್ರು, ಆದ್ರೆ ಕತ್ತರಿ ಸೊಟ್ಟ ಹೋಯ್ತು. ತಾಕ್, ನಿವಾಸಿಗಳ ಗುಂಪಲ್ಲಿ ಅಧ್ಯಕ್ಷರ ಚಿತ್ರ ತೋರಿಸು."

ತೋರಿಸಿದೆ. ನೀರು ನಿಲ್ಲಿಸುವ ಸೂಚನೆಯ ಪಕ್ಕ ದಿನವೂ ನೋಡುತ್ತಿದ್ದ ಚಿತ್ರ: ಬಾಲ ಹಿಡಿದು ತಲೆಕೆಳಗಾಗಿ ಎತ್ತಿದ ಕೆಂಪು ಮೀನು. ಬಾಲದ ಎಡತುದಿ ಹರಿದಿತ್ತು. ಹಾಳೆಯ ಕವಲಿನಲ್ಲೂ ಎಡತುದಿ ಹರಿದಿತ್ತು.

"ಹಾಲು ಖಾಲಿ ಆದ್ರೆ ಅಲ್ಲಿ ನಿಮ್ಮ ತಂಗಿ ಮಗನ ಗಾಲ್ಫ್ ಆಟದ ಯಂತ್ರ ಇಡಬೇಕಿತ್ತಲ್ಲ," ಎಂದಳು ಅಕ್ಕ. "ಅಳತೆ ತಗೊಂಡ ಚೀಟಿ ನಿಮ್ಮ ಕೋಟಿನ ಜೇಬಲ್ಲಿ ಸಿಕ್ತು. ಒಗೆಯೋಳ ಕೈಗೆ."

ಪ್ಯೊ ಫೋನ್ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಹಂಗಂತ ಮಾಸ್ತರು ಓದಿದ್ದು ಸುಳ್ಳಾಗಲ್ವಲ್ಲ," ಎಂದಳು ಮ್ಯೊಂಗ್ ಟೀಚರ್.

"ನಲವತ್ತೊಂದು ವರ್ಷದ ಗಂಡಸು ದೊಡ್ಡೋರ ಕಾಮಿಕ್ಸ್ ಓದಿದ," ಎಂದಳು ಅಕ್ಕ. "ಈ ಕೋಣೇಲಿ ಆ ಗುಂಡಿ ಒತ್ತದೇ ಇರೋರು ಮಾತ್ರ ಅವನನ್ನ ಕಳಿಸೋಕೆ ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಮಾಸ್ತರ್ ತಲೆಬಾಗಿ ವಂದಿಸಿದ. ಯಾರೂ ತಿರುಗಿ ವಂದಿಸಲಿಲ್ಲ. ಎಲ್ಲರೂ ಫೋನಿನಲ್ಲಿ ಮುಖ ಹುದುಗಿಸಿದ್ದರು. ನನ್ನ ಕೈಯಲ್ಲಿ ನಿವಾಸಿಗಳ ಗುಂಪು ಇನ್ನೂ ತೆರೆದೇ ಇತ್ತು. ನಾಯಿಮರಿ, ಹೂಗುಚ್ಛ, ಮೊಮ್ಮಗುವಿನ ನಗು, ಮ್ಯೊಂಗ್ ಟೀಚರ್‌ಳ ಪಿಯಾನೋ, ಒಂದೊಂದಾಗಿ ಎಲ್ಲರ ಚಿತ್ರವೂ ಅಳಿಸಿಹೋಗುತ್ತಿತ್ತು. ಬಾಗಿಲು ತೆರೆಯುವಷ್ಟರಲ್ಲಿ ಉಳಿದಿದ್ದು ಮುಖವಿಲ್ಲದ ಬೂದು ತಲೆಗಳ ಸಾಲು, ಮಧ್ಯದಲ್ಲಿ ಅಕ್ಕನ ಇಸ್ತ್ರಿಪೆಟ್ಟಿಗೆ.